ಅವ್ವನ ಹೆಸರಿನ ಕೀಲಿ

ನಿಪ್ಪಾಣಿ
17 ನವೆಂಬರ್ 2024

ಅಪೂರ್ವ ವೈನಿಯವರಿಗೆ ನಿಮ್ಮ ನಾದಿನಿ ಮನಿಷಾಳ ಜೈ ಜಿನೇಂದ್ರ.

ನೀವು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಸಿಟ್ಟಿನಿಂದ ಕಾಗವಾಡದ ತವರಿಗೆ ಹೋಗಿ ಕುಳಿತಿದ್ದೀರಿ. ಇಲ್ಲಿ ಸುಜಯಣ್ಣ ನನ್ನ ಮುಖ ನೋಡುವುದಿಲ್ಲ. ಇರಲಿ. ನಾನು ಸುಮ್ಮಸುಮ್ಮನೆ ಸಂಶಯಪಟ್ಟವಳಲ್ಲ, ಅದನ್ನು ಮೊದಲು ಕೇಳಿ.

ಅವ್ವನಿಗೆ ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದ ವಾರವೇ, ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕೀಲಿ ಹಾಕುವುದನ್ನು ನೀವು ಅವಳಿಗೆ ಕಲಿಸಿದಿರಿ. ಹೆತ್ತ ಮಗಳಿಗೆ ಸುದ್ದಿಯೇ ಇಲ್ಲ! ಈಗ ಅವಳಿಗೆ ನನ್ನ ಗುರುತೂ ಹತ್ತುವುದಿಲ್ಲ. ನೆನಪು ನೆಟ್ಟಗಿದ್ದಾಗಿನ ಅವ್ವ ಉಳಿದಿರುವುದು ಆ ಒಂದು ಫೈಲಿನಲ್ಲಿ. ಪಾಸ್‌ವರ್ಡ್ ಅವಳಿಗೆ ಮರೆತುಹೋಗಿದೆ. ನಿಮ್ಮನ್ನು ಕೇಳಿದರೆ, "ನಾ ಕ್ವಾಣಿ ಹೊರಗ ನಿಂತಿದ್ದೆ ರೀ. ನನ್ನ ಹೆಸರ ಇಟ್ಟೀನಿ ಅಂದ್ರು ಅತ್ತ್ಯಾರು, ಅಷ್ಟ ಗೊತ್ತ" ಎಂದಿರಿ. ಯಾರು ನಂಬಬೇಕು?

ಅವ್ವನ ಹೆಸರು ಲಕ್ಷ್ಮಿ ಎಂದು ಒತ್ತಿದೆ, ಲಕ್ಷ್ಮಿಬಾಯಿ ಎಂದು ಒತ್ತಿದೆ, ಅಪ್ಪನ ಹೆಸರು ಸೇರಿಸಿ ಒತ್ತಿದೆ. ಕನ್ನಡ, ಮರಾಠಿ, ಇಂಗ್ಲಿಷ್ ಎಲ್ಲ ಆಯಿತು. ಊಹೂಂ. ಮೊಬೈಲ್ ಅಂಗಡಿಯ ರೂಪೇಶ, "ಎನ್‌ಕ್ರಿಪ್ಟ್ ಆಗೇತ್ರಿ ಅಕ್ಕಾರ, ಪಾಸ್‌ವರ್ಡ್ ಇಲ್ದ ದೇವ್ರ ಬಂದ್ರೂ ತೆಗ್ಯಾಕ ಬರಂಗಿಲ್ಲ" ಎಂದು ಕೈ ಚೆಲ್ಲಿದ. ಅವ್ವ ನಿಮ್ಮ ವಿಷಯ ಏನೋ ಹೇಳಿರಬೇಕು, ಅದಕ್ಕೇ ನೀವು ಪಾಸ್‌ವರ್ಡ್ ಬದಲಿಸಿದ್ದೀರಿ ಎಂದುಕೊಂಡೆ. ಬೀಗರ ಮುಂದೆ ಹಾಗೆಯೇ ಅಂದೂಬಿಟ್ಟೆ.

ಮೊನ್ನೆ ಅವ್ವನ ತವರೂರು ದಿಗ್ಗೇವಾಡಿಯಿಂದ ಅವಳ ಗೆಳತಿ ಕಾಳವ್ವ ಬಂದಿದ್ದಳು. ಚಹಾ ಕುಡಿಯುತ್ತ, "ಚಂಪಾ ಎಷ್ಟ ಸೊರಗ್ಯಾಳ" ಎಂದಳು. ಯಾವ ಚಂಪಾ ಎಂದೆ. "ಅಯ್ಯ, ನಿಮ್ಮವ್ವ ಬೇ! ಲಗ್ನದಾಗ ಅಕ್ಕಿ ತಾಟಿನ್ಯಾಗ ಹೊಸಾ ಹೆಸರ ಬರದು ಲಕ್ಷ್ಮಿಬಾಯಿ ಮಾಡಿದ್ರಲ್ಲ" ಎಂದು ನಕ್ಕಳು.

ನನ್ನ ಲಗ್ನದಲ್ಲಿ ಹೆಸರು ಬದಲಿಸಲು ಬಂದಾಗ ರಂಪ ಮಾಡಿದವಳು ನಾನು. ಅವ್ವನ ಹೆಸರು ಏನಿತ್ತೆಂದು ಒಂದು ದಿನವೂ ಕೇಳಲಿಲ್ಲ.

ಚಂಪಾ ಎಂದು ಒತ್ತಿದೆ, ಫೈಲು ತೆರೆಯಿತು. ನೀವು ಸುಳ್ಳು ಹೇಳಿರಲಿಲ್ಲ. ತಪ್ಪಾಯಿತು ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ, ನಿಮಗೆ ಗೊತ್ತು. ಆದ್ದರಿಂದ ಬರೆದಿದ್ದೇನೆ. ಅದರಲ್ಲಿ ಏನಿದೆ ಎಂಬುದನ್ನು ಬಂದ ಮೇಲೆ ನೀವೇ ಕೇಳಿಸಿಕೊಳ್ಳಿ.

ನಿಮ್ಮ ಸಂಶಯಪಿಶಾಚಿ,
ಮನಿಷಾ

ತಾ.ಕ.: ಹೇಳದೆ ಇರಲಾಗುತ್ತಿಲ್ಲ. ಅದರಲ್ಲಿ ನನ್ನ ಹೆಸರು ಒಮ್ಮೆಯೂ ಇಲ್ಲ. ಇರುವುದಿಷ್ಟೇ: "ಅಪೂರ್ವ, ಎಲ್ಲಾ ಮರತ ಮ್ಯಾಲ ಲಕ್ಷ್ಮಿಬಾಯಿ ಅಂದ್ರ ನಾ ಓ ಅನ್ನಂಗಿಲ್ಲ. ಚಂಪಾ ಅಂತ ಕರಿ." ಹೆಸರು ಹೇಳುವ ಫೈಲಿಗೆ ಅದೇ ಹೆಸರಿನ ಕೀಲಿ, ಅವ್ವನ ಬುದ್ಧಿಯೇ! ನಿನ್ನೆ ಸಂಜೆ ನಾನೇ ಚಂಪಾ ಎಂದು ಕರೆದೆ. ತಟ್ಟನೆ ಹೊರಳಿ, ನನ್ನ ಕೈ ಹಿಡಿದು, "ಬಂದೇನ ಅಪೂರ್ವ?" ಎಂದಳು. ಹ್ಞೂಂ, ಬಂದೆ ಎಂದುಬಿಟ್ಟೆ, ವೈನಿ.