ಮಗನ ಕರಾರಿಗೆ ನಾನು ಹೂಡಿದ ಮುಷ್ಕರ

ಕೊನ್ಸುಯೆಲೊ
ಫೆಬ್ರವರಿ 9

ಪ್ರೀತಿಯ ನೆರೇಯ್ಡಾ,

ಕಾಲಿನ ಊತ ಇಳಿಯಿತೆ? ಸಾನ್ ಹುವಾನ್‌ನ ಆ ದೊಡ್ಡಮನೆಯವರು ಮೆಟ್ಟಿಲು ತೊಳೆಸುವುದರ ನಡುವೆ ನಿನಗೆ ಕೂರಲು ಪುರುಸೊತ್ತು ಕೊಡುತ್ತಾರೋ ಇಲ್ಲವೋ. ಇಲ್ಲಿ ಎಲ್ಲರೂ ಸೌಖ್ಯ. ಹಾಗೆಂದು ಬರೆಯಬೇಕು, ಬರೆದೆ.

ನಮ್ಮ ಯೇರಿಗೆ ಹದಿನಾರು ತುಂಬಿದ್ದೇ ತಡ, ಬೇಸ್‌ಬಾಲ್ ಕ್ಲಬ್ಬಿನವನೊಬ್ಬ ಎಸಿ ಜೀಪಿನಲ್ಲಿ ಬಂದು, ಹುಡುಗ ನಮ್ಮ ತಂಡ ಸೇರಿದರೆ ಎಂಬತ್ತು ಸಾವಿರ ಡಾಲರ್ ಎಂದ. ಅದರಲ್ಲಿ ಮೂರನೇ ಒಂದು ಪಾಲು ತನ್ನದೆಂದು ಮೊದಲೇ ಬರೆಸಿಕೊಂಡಿರುವ ಕೋಚ್ ಚೆಪೆ ನನ್ನ ಕಿವಿಯಲ್ಲಿ, "ಒಪ್ಕೋ ಅನ್ಸೆಲ್ಮೊ, ಇದು ಕಬ್ಬಿನ ಗದ್ದೆ ಅಲ್ಲ" ಎಂದ. ನನಗೆ ಉರಿದುಹೋಯಿತು. ಕಬ್ಬು ಕಡಿಯುವವರ ಸಂಘ ಕಟ್ಟಿದವನು ನಾನು. ಮೊದಲ ದರಕ್ಕೇ ತಲೆಯಾಡಿಸುವವನು ಗುಲಾಮ ಎಂದು ಸಭೆ ಸಭೆಯಲ್ಲಿ ಕೂಗಿದವನು. ಎತ್ತಿನ ಹಲ್ಲು ನೋಡುವ ಹಾಗೆ ಮಗನ ತೋಳಿನ ಎಕ್ಸ್‌ರೇ ತೆಗೆಸಿದವರ ಮುಂದೆ ನಾನು ಬಾಗಬೇಕೆ? ದುಪ್ಪಟ್ಟು ಕೊಡಿ, ಇಲ್ಲವೆ ಎದ್ದು ಹೋಗಿ ಎಂದೆ. ಕ್ಲಬ್ಬಿನವನು ನಗುತ್ತಲೇ ಎದ್ದು ಹೋದ.

ಕಾದೆ. ಕಬ್ಬು ಗದ್ದೆಯಲ್ಲೇ ಒಣಗತೊಡಗಿದರೆ ಗಿರಣಿ ನಮ್ಮ ಹತ್ತಿರ ಬರಲೇಬೇಕು. ಹಾಗೆಯೇ ಗೆದ್ದವರು ನಾವು. ಆದರೆ ನೆರೇಯ್ಡಾ, ಅಲ್ಲಿ ಸಾವಿರ ಜನ ಒಟ್ಟಿಗೆ ಕತ್ತಿ ಕೆಳಗಿಟ್ಟಿದ್ದೆವು. ಇಲ್ಲಿ ಕೆಳಗಿಟ್ಟವನು ನನ್ನ ಮಗ ಒಬ್ಬನೇ. ಬೇಲಿಯಾಚೆ ಸಾವಿರ ಹುಡುಗರು ಗ್ಲೌಸ್ ತೊಟ್ಟು ನಿಂತಿದ್ದರು. ಇಷ್ಟು ಸರಳ ವಿಷಯ ಸಂಘದ ನಾಯಕನಿಗೆ ಹೊಳೆಯಲಿಲ್ಲ. ಕ್ಲಬ್ಬು ಆ ಹಣವನ್ನು ಪಕ್ಕದ ಬೀದಿಯ ಹುಡುಗನಿಗೆ ಕೊಟ್ಟಿತು. ಈ ವರ್ಷ ಹುಡುಗರಿಗೆಂದು ಇಟ್ಟ ಹಣ ಅಲ್ಲಿಗೆ ಮುಗಿಯಿತಂತೆ. ಆ ಮನೆಯಲ್ಲಿ ಬೆಳಗಿನಿಂದ ಹಾಡು, ಕುಣಿತ. ನಮಗೂ ಹುರಿದ ಹಂದಿಮಾಂಸ ಕಳಿಸಿದರು. ಯೇರಿ ತಟ್ಟೆ ಮುಟ್ಟಲಿಲ್ಲ.

"ಆಶೀರ್ವಾದ ಮಾಡಪ್ಪಾ" ಎನ್ನದೆ ಮನೆಯ ಹೊಸಿಲು ದಾಟಿದವನಲ್ಲ ಅವನು. ಈಗ ಸುಮ್ಮನೆ ಹೋಗುತ್ತಾನೆ. ನಿನ್ನೆ ತಡೆದು ನಿಲ್ಲಿಸಿದೆ. "ನಿನ್ನ ಮುಷ್ಕರದಲ್ಲಿ ಎಲ್ರೂ ಕೈ ಎತ್ತಿದ ಮೇಲೇ ಕೆಲಸ ನಿಲ್ಸಿದ್ದು ಅಂತೀಯಲ್ಲ. ನನ್ನನ್ನ ಕೇಳಿದ್ಯಾ?" ಎಂದ.

ಕೇಳಿರಲಿಲ್ಲ. ಆ ಕ್ಲಬ್ಬಿನವರ ಮೇಲಿನ ಸಿಟ್ಟು ನನಗೆ ಇಂಗಿಲ್ಲ, ಇಂಗುವುದೂ ಇಲ್ಲ. ಆದರೆ ಹುಡುಗನನ್ನು ಕೇಳದೆ ಅವನಿಗೆ ದರ ಕಟ್ಟಿದವರ ಸಾಲಿನಲ್ಲಿ ನಾನೂ ನಿಂತಿದ್ದೇನೆ.

ನಿನ್ನ ತಂಗಿ ನೆನಪು ಹೇಳಿದ್ದಾಳೆ. ಆಲ್ತಾಗ್ರಾಸಿಯಾ ಮಾತೆ ನಿನ್ನನ್ನು ಕಾಯಲಿ.

ನಿನ್ನವನು,
ಅನ್ಸೆಲ್ಮೊ

ಇನ್ನೊಂದು ಮಾತು. ಕಾಗದ ಒಯ್ಯುವವಳು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾಳೆ. ಬೇರೊಂದು ಕ್ಲಬ್ಬು ಮೊದಲಿನದರ ಅರ್ಧಕ್ಕೆ ಬಂದಿದೆ. ಯೇರಿ ಒಪ್ಪಿದ್ದಾನೆ. ಅಪ್ಪ ಅಮ್ಮನಲ್ಲಿ ಒಬ್ಬರ ಸಹಿ ಸಾಕಂತೆ. ನಾನು ಪೆನ್ನು ತೆಗೆದೆ; ಅವನು ಕರಾರು ಕಿತ್ತುಕೊಂಡು, "ಅಮ್ಮ ಹಾಕ್ಲಿ" ಎಂದ. ಜೊತೆಗಿಟ್ಟಿದ್ದೇನೆ. ದರ ಅನ್ಯಾಯದ್ದು. ಸಹಿ ಹಾಕು.