ಹಳದಿ ಕಾರಿಗೆ ಮಾಡಿದ ಉಪಚಾರ

ಇಂಗ್ಲೆಂಡ್, ಮಾರ್ಚ್ ೧೯೭೪

ಇರ್ಮಾ ಅತ್ತಿಗೆಗೆ,

ಸುಖವಾಗಿ ತಲುಪಿದೆ. ಆದರೆ ನಮ್ಮ ಹಳದಿ ಕಾರನ್ನು ಇವತ್ತು ಕೊಂದುಹಾಕಿದರು! ಜಿನೀವಾದ ಕಾರು ಪ್ರದರ್ಶನದಲ್ಲಿ ಜನ ಮುಗಿಬಿದ್ದು ನೋಡಿದ, ಅಣ್ಣ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ರೂಪ ಕೊಟ್ಟ ಆ ಮೊಟ್ಟಮೊದಲ ಕಾರನ್ನೇ. ನಮ್ಮ ಶೆಡ್ಡಿನವರು ಕೊಳಕು ಕಾರನ್ನು ಯಾರಿಗೂ ಒಪ್ಪಿಸುವುದಿಲ್ಲವಲ್ಲ, ಬೆಳಿಗ್ಗೆ ಉಜ್ಜಿ ಫಳಫಳ ಮಾಡಿದ್ದೆ. ಜೊತೆಗೆ ಬಂದಿರುವ ನಮ್ಮ ಎಂಜಿನಿಯರ್ ತಾರ್ಚೀಸಿಯೊ ನಕ್ಕ: "ಏನಯ್ಯಾ ಓರೆಸ್ತೆ, ಮದುವೆಗೆ ಕಳಿಸ್ತಿದ್ದೀಯಾ?"

ಆಮೇಲೆ ಅದನ್ನು ಎಳೆದು ಕಾಂಕ್ರೀಟ್ ಗೋಡೆಗೆ ಗುದ್ದಿಸಿದರು. ಅಪಘಾತದ ಪರೀಕ್ಷೆಯಂತೆ! ಇದು ಪಾಸಾದರೆ ಮಾತ್ರ ಮುಂದಿನ ಕಾರುಗಳನ್ನು ಮಾರಬಹುದಂತೆ. ಮೂತಿ ಅಪ್ಪಚ್ಚಿಯಾಯಿತು.

"ಪಾಸಾಯ್ತು ಕಣಯ್ಯಾ, ಖುಷಿಪಡು!" ಅಂದ ತಾರ್ಚೀಸಿಯೊ.

"ಗುದ್ದೋಕೆ ನಿನ್ನ ಡಕೋಟಾ ಕಾರು ಇರಲಿಲ್ವೇನೋ?" ಎಂದು ಎಲ್ಲರೆದುರೇ ಬೈದೆ. ಇಂಗ್ಲಿಷರು ನನ್ನನ್ನು ಸಮಾಧಾನ ಮಾಡಲು ನಮ್ಮೂರಲ್ಲಿ ಯಾರೂ ಕುಡಿಯದ, ಹಾಲು ಸುರಿದ ಚಹಾ ಕುಡಿಸಿದರು. ಹೊಟ್ಟೆ ಕೆಟ್ಟಿದೆ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಅಣ್ಣ ಕೂರಿಸಿದ ಬಾಗಿಲು ಈಗಲೂ ಒಂದೇ ಬೆರಳಿಗೆ ಮೇಲಕ್ಕೆ ತೆರೆದುಕೊಳ್ಳುತ್ತದೆ. ಗುದ್ದಿದ ಮೇಲೆ ನಾನೇ ತೆರೆದು ನೋಡಿದೆ. ಅಣ್ಣನನ್ನು ನೋಡಲು ಆಸ್ಪತ್ರೆಗೆ ಹೋದಾಗ ಅವನಿಗೆ ಬಾಗಿಲಿನ ವಿಷಯವಷ್ಟೇ ಹೇಳಿ, ಈ ಕಾರ್ಡನ್ನು ಒಲೆಗೆ ಹಾಕಿ.

ನಿಮ್ಮ ಮೈದುನ,
ಓರೆಸ್ತೆ