ಕರಿಮರಳಿನ ದಡದ ಗುಹೆ

ಹರವೆ
೧೪ ಅಕ್ಟೋಬರ್ ೨೦೨೪

ಪ್ರೀತಿಯ ತಂಗಿ ರೂಪಶ್ರೀಗೆ,

ನಿನ್ನ ಅಕ್ಕ ನಾಗರತ್ನ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಹಾಸ್ಟೆಲಿನ ಅಡುಗೆಮನೆಗೆ ಇನ್ನೊಬ್ಬಳು ಸಹಾಯಕಿ ಬಂದಳೆಂದು ನಿನ್ನ ಮಗಳು ಪ್ರಿಯಾಂಕ ಹೇಳಿದಳು. ಇನ್ನಾದರೂ ನೂರು ಮಕ್ಕಳ ಸಾರಿನ ಪಾತ್ರೆಯನ್ನು ಆ ನೆಟ್ಟಗಾಗದ ಕೈಯಲ್ಲಿ ನೀನೊಬ್ಬಳೇ ಎತ್ತಬೇಡ.

ಊರಿಗೆ ವಾಪಸು ಬಂದು ಹತ್ತೊಂಬತ್ತು ದಿನವಾಯಿತು. ಎರಡು ಸಲ ಫೋನಿನಲ್ಲಿ ಮಾತಾಡಿದೆವು. ಎರಡು ಸಲವೂ ನಾನು ವಿಮಾನದ ಊಟದ ಸುದ್ದಿ ಹೇಳಿಯೇ ಮುಗಿಸಿಬಿಟ್ಟೆ. ನೀನು 'ಸಮುದ್ರ ಹೆಂಗಿತ್ತಕ್ಕ?' ಅಂತ ಕೇಳಿದಾಗ 'ಗುಂಡ್ಲುಪೇಟೆಗೇ ಬಂದು ಹೇಳ್ತೀನಿ ಬುಡು' ಅಂದೆ. ಬರಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ನಿನ್ನನ್ನು ನೋಡಿಕೊಂಡು ಸಂಜೆಗೆ ಮನೆ ಸೇರುವಷ್ಟು ದಾರಿ, ಆದರೂ ಬರಲಿಲ್ಲ. ತಪ್ಪು ನನ್ನದೇ. ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಅಂತ ನಗಬೇಡ. ನಿನ್ನ ದನಿ ಕೇಳಿದರೆ ನಾನು ಮತ್ತೆ ಊಟದ ಸುದ್ದಿಗೇ ಹೋಗಿಬಿಡುತ್ತೇನೆ.

ಹವಾಯಿಯ ಮಾವಿ ದ್ವೀಪದವರೂ ಅರಿಶಿನ ಬೆಳೆಯುತ್ತಾರೆ. ನಮ್ಮ ಹಾಗೆ ಬೇಯಿಸಿ ಒಣಗಿಸಿ ಹೊಳಪು ಬರಿಸುವುದನ್ನು ತೋರಿಸಿಕೊಡಿ ಅಂತ ನಮ್ಮ ಹೆಂಗಸರ ಸಂಘವನ್ನು ಕರೆದರು. ಅಧ್ಯಕ್ಷೆ ಅಂತ ನಾನು ಹೊರಟೆ, ಸಂಘದ ಕಾಗದಪತ್ರ ನೋಡಿಕೊಳ್ಳುವವಳು, ಇಂಗ್ಲಿಷ್ ಬಲ್ಲವಳು ಅಂತ ನಿನ್ನ ಮಗಳು ಹೊರಟಳು. ಆರು ದಿನ ಅಲ್ಲಿಯೂ ಅರಿಶಿನದ ಒಲೆಯ ಹೊಗೆ ಕುಡಿದೆ. ಏಳನೆಯ ದಿನ ತೋಟದ ಒಡತಿ ನಾಲಾನಿ, ನನ್ನ ವಯಸ್ಸಿನವಳೇ, 'ಇಷ್ಟು ದೂರ ಬಂದು ಒಲೆಯನ್ನೇ ನೋಡಿಕೊಂಡು ಹೋಗ್ತೀರಾ' ಅಂತ ಹಾನಾ ಊರಿನ ಹತ್ತಿರದ ಒಂದು ಪಾರ್ಕಿಗೆ ಕಾರಿನಲ್ಲಿ ಕರೆದುಕೊಂಡು ಹೋದಳು. ದಾರಿಯ ತಿರುವುಗಳ ಮುಂದೆ ನಮ್ಮ ದಿಂಬಂ ಘಾಟಿ ಏನೂ ಅಲ್ಲ. ಎರಡು ಸಲ ಕಾರು ನಿಲ್ಲಿಸಿ ವಾಂತಿ ಮಾಡಿಕೊಂಡೆ.

ಪಾರ್ಕು ಅಂದರೆ ಹೂವಿನ ಗಿಡ, ಕಲ್ಲುಬೆಂಚು ಅಂದುಕೊಂಡಿದ್ದೆ. ಅದು ಬೇರೆಯೇ ಲೋಕ ರೂಪ. ಯಾವುದೋ ಕಾಲದಲ್ಲಿ ಬೆಟ್ಟ ಬೆಂಕಿ ಕಾರಿ, ಆ ಬೆಂಕಿಯ ಹೊಳೆ ಸಮುದ್ರದವರೆಗೂ ಹರಿದು, ಹರಿಯುತ್ತಿದ್ದ ಹಾಗೆಯೇ ಕಲ್ಲಾಗಿ ನಿಂತಿದೆ. ನಮ್ಮ ಕಡೆಯ ಕರಿಕಲ್ಲಿನ ಕ್ವಾರಿಯನ್ನು ಯಾರೋ ಕರಗಿಸಿ ನೀರಿಗೆ ಸುರಿದ ಹಾಗಿತ್ತು. ದಡದ ಮರಳೂ ಕಪ್ಪು. ಅಲೆ ಹಿಂದಕ್ಕೆ ಸರಿಯುವಾಗ ಗುಂಡುಗಲ್ಲುಗಳೆಲ್ಲ ಉರುಳಿ, ಮೊರದಲ್ಲಿ ರಾಗಿ ಕೇರಿದಂಥ ಸದ್ದು. ಒಂದು ಕಡೆ ಬಂಡೆಯ ತೂತಿನಿಂದ ನೀರು ಆಳೆತ್ತರ ಚಿಮ್ಮಿ, ನನ್ನ ಇಳಕಲ್ ಸೀರೆ ಪೂರ್ತಿ ತೊಯ್ದುಹೋಯಿತು. ಪ್ರಿಯಾಂಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಣ್ಣೇ ಇಲ್ಲದ ಆ ಬಂಡೆಯ ಮೇಲೆ ಕೇದಗೆಯ ಜಾತಿಯ ಮರಗಳು ಕೋಲು ಊರಿದ ಹಾಗೆ ಬೇರು ಊರಿ ನಿಂತಿವೆ. ನಿನಗೆಂದು ಒಂದು ಕರಿಗಲ್ಲು ಆರಿಸಿಕೊಂಡೆ. ಇಲ್ಲಿಯದು ಇಲ್ಲೇ ಇರಲಿ ಅಂತ ನಾಲಾನಿ ಕೆಳಗಿಡಿಸಿದಳು.

ಆಮೇಲೆ ಮೆಟ್ಟಿಲಿಳಿದು ಒಂದು ಗುಹೆಯ ಬಾಯಿಗೆ ಹೋದೆವು. ಒಳಗೆಲ್ಲ ನೀರು, ಅಲುಗಾಡದ ನೀರು, ಕನ್ನಡಿಯಂತೆ. ನಾಲಾನಿ ಅಲ್ಲಿ ನಿಂತು ಒಂದು ಕಥೆ ಹೇಳಿದಳು. ಅವಳೊಂದು ಮಾತು ಹೇಳುವುದು, ಪ್ರಿಯಾಂಕ ನನಗೆ ಕನ್ನಡದಲ್ಲಿ ತಿಳಿಸುವುದು.

'ಒಬ್ಬ ದೊರೆ ಹೆಂಡ್ತಿ ಇದ್ಳಂತೆ ದೊಡ್ಡಮ್ಮ. ಗಂಡನ ಕಾಟ ತಡೀನಾರದೆ ಓಡ್ಬಂದು ಇದರೊಳಗೆ ಬಚ್ಚಿಟ್ಕಂಡಿದ್ಳಂತೆ. ಜೊತೇಲಿದ್ದ ದಾಸಿ ಗರಿ ಬೀಸಣಿಗೆ ಬೀಸ್ತಾ ಕೂತಿದ್ಳಂತೆ. ಆ ಗರಿ ನೆರಳು ನೀರಲ್ಲಿ ಕಾಣ್ಬುಡ್ತು. ಗಂಡ ಒಳಕ್ಕೆ ನುಗ್ಗಿ...'

ಪ್ರಿಯಾಂಕ ಅಲ್ಲಿಗೇ ನಿಲ್ಲಿಸಿದಳು. ವರ್ಷದಲ್ಲಿ ಕೆಲವು ದಿನ ಸಣ್ಣ ಕೆಂಪು ಸೀಗಡಿಗಳು ಬಂದು ಆ ನೀರೆಲ್ಲ ಕೆಂಪಾಗುತ್ತದಂತೆ, ಅದು ಗಂಡ ಕೊಂದ ಆ ಹೆಂಡತಿಯ ರಕ್ತ ಅಂತ ಅಲ್ಲಿಯ ಜನ ಹೇಳುತ್ತಾರಂತೆ. ಅದನ್ನೆಲ್ಲ ಅವಳು ಆಮೇಲೆ ಹೇಳಿದ್ದು.

'ಯಾಕಮ್ಮಿ ಸುಮ್ನಾದೆ?' ಅಂದೆ.

'ಪಾಪ ಆ ದಾಸಿ,' ಅಂದಳು ನೀರನ್ನೇ ನೋಡುತ್ತಾ. 'ಬೇಕು ಅಂತ ಮಾಡಿದ್ದಲ್ಲ. ನಾನೂ ಬೇಕು ಅಂತ ಮಾಡ್ಲಿಲ್ಲ ದೊಡ್ಡಮ್ಮ.'

ನನಗೆ ತಕ್ಷಣ ಅರ್ಥವಾಯಿತು. ಇಪ್ಪತ್ತೆರಡು ವರ್ಷದ ಹಿಂದೆ, ಅರಿಶಿನ ಬೇಯಿಸುವ ಕಾಲದಲ್ಲಿ, ನಾಲ್ಕು ವರ್ಷದ ಅವಳನ್ನು ಎತ್ತಿಕೊಂಡು ನೀನು ನಮ್ಮ ಮನೆಗೆ ಓಡಿ ಬಂದೆ. ನಿನ್ನ ಗಂಡ ದೇವರಾಜು ಹುಡುಕಿಕೊಂಡು ಬರುತ್ತಾನೆಂದು ನಾನೇ ನಿನ್ನನ್ನು ಕೊಟ್ಟಿಗೆಯಲ್ಲಿ ಮೂಟೆಗಳ ಹಿಂದೆ ಕೂರಿಸಿದೆ. ಅವನು ಬಂದವನೇ ನೆಟ್ಟಗೆ ಕೊಟ್ಟಿಗೆಗೆ ಹೋದ. ನಿನ್ನ ಮೊಣಕೈ ಮುರಿದದ್ದು ಅವತ್ತೇ. 'ಕೂಸೇ ಬೆರಳು ತೋರ್ಬುಡ್ತು ಕಣಮ್ಮಿ, ಅಪ್ಪನ್ನ ಕಂಡು' ಅಂತ ನಮ್ಮತ್ತೆ ಕರಿಬಸಮ್ಮ ಊರಿಗೆಲ್ಲ ಹೇಳಿದರು. ನೀನು 'ಅದಕ್ಕೇನು ತಿಳೀತದೆ' ಅಂತ ಮಗಳನ್ನು ಎದೆಗೆ ಒತ್ತಿಕೊಂಡೆ. ಅಲ್ಲಿಗೆ ಮುಗಿಯಿತು ಅಂತ ನಾವೆಲ್ಲ ತಿಳಿದುಕೊಂಡೆವು.

ಮುಗಿದಿರಲಿಲ್ಲ. 'ನಂಗೆ ನೆನಪೇ ಇಲ್ಲ,' ಅಂದಳು. 'ಅಜ್ಜಿ ಹೇಳಿದ್ದು ಕೇಳೀ ಕೇಳೀ ನೆನಪಿರೋ ಹಂಗೇ ಆಗದೆ. ಅಮ್ಮ ಪಾತ್ರೆ ಎತ್ತುವಾಗೆಲ್ಲ ಅವಳ ಕೈ ನೋಡ್ತೀನಿ.'

ನೀನು ಗಮನಿಸಿದ್ದೀಯಾ ರೂಪ? ಅವಳು ಏನನ್ನೂ ಬೆರಳು ಮಾಡಿ ತೋರಿಸುವುದಿಲ್ಲ. ಬಸ್ಸು ಬಂತು ಅನ್ನುವುದಕ್ಕೂ ಗಲ್ಲ ಎತ್ತುತ್ತಾಳೆ. ಅವಳ ಅಭ್ಯಾಸ ಅಂದುಕೊಂಡಿದ್ದೆ. ಭಾಷೆ ತಿಳಿಯದ ನಾಲಾನಿಗೂ ಏನೋ ತಿಳಿಯಿತು. ಅವಳು ಪ್ರಿಯಾಂಕಳ ಬೆನ್ನು ಸವರಿದಳು. ನನ್ನ ಕೈ ಎದ್ದೇಳಲಿಲ್ಲ. 'ನಡಿ, ಮೇಲಕ್ಕೋಗನ, ತಣ್ಣಗದೆ' ಅಂದೆ, ಅಷ್ಟೆ.

ಸಂಘದ ಕೆಲಸ ಎಂದಿನಂತೆ ನಡೆದಿದೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಮಕ್ಕಳಿಗೆಲ್ಲ ಬಡಿಸಿದ ಮೇಲೆ ತಳದ ಸಾರು ಉಣ್ಣಬೇಡ. ಮಾದಪ್ಪ ನಿನ್ನನ್ನೂ ನಿನ್ನ ಮಗಳನ್ನೂ ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅಕ್ಕ,
ನಾಗರತ್ನ

ವಿ.ಸೂ.: ಸಹಿ ಹಾಕಿದ ಮೇಲೆ ಕಾಗದ ಮಡಿಸಿದೆ, ಮತ್ತೆ ಬಿಚ್ಚಿದೆ. ಕೂಸು ಬೆರಳು ತೋರಿಸಲಿಲ್ಲ ರೂಪ. ಆ ಮಧ್ಯಾಹ್ನ ಅದು ಒಳಮನೆಯಲ್ಲಿ ಮಲಗಿತ್ತು. ಹೇಳಿದವಳು ನಾನು. ದೇವರಾಜು ಜಗಲಿಯಲ್ಲಿ ಕೂತು ಅತ್ತ. 'ಒಂದ್ಮಾತು ಆಡ್ಬುಟ್ಟು ಹೊಂಟೋಯ್ತೀನಿ ಅಕ್ಕ' ಅಂದ. ನಂಬಿದೆ. ಆದರೆ ಅದು ಅರ್ಧ ನಿಜ. ಆ ವಾರ ನನ್ನ ನಾದಿನಿ ಶಾಂತಮಲ್ಲಮ್ಮನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಗಂಡನನ್ನು ಬಿಟ್ಟು ಬಂದ ತಂಗಿ ಮನೆಯಲ್ಲಿದ್ದರೆ ಅವರು ಏನಂದುಕೊಳ್ಳುತ್ತಾರೋ ಅಂತ ನನಗಿತ್ತು. 'ಕೊಟ್ಟಿಗೇಲವ್ಳೆ' ಅಂದೆ. ನೀನು ಕೂಗಿಕೊಳ್ಳುವವರೆಗೂ ಕೂತ ಕಡೆಯಿಂದ ಏಳಲಿಲ್ಲ. ಅತ್ತೆ ತಪ್ಪನ್ನು ಮಗುವಿನ ಮೇಲೆ ಹಾಕಿದಾಗ ಸುಮ್ಮನಿದ್ದೆ. ಆಮೇಲೆ ಸುಮ್ಮನಿರುವುದೇ ರೂಢಿಯಾಯಿತು.

ಪ್ರಿಯಾಂಕಳಿಗೆ ಇದನ್ನೆಲ್ಲ ವಾಪಸು ಬರುವಾಗ ವಿಮಾನ ನಿಲ್ದಾಣದಲ್ಲಿ ಹೇಳಿದೆ. ಬೈಯಲಿಲ್ಲ. ಅಂದಿನಿಂದ ನನ್ನನ್ನು 'ನೀವು' ಅನ್ನುತ್ತಾಳೆ. 'ಅಮ್ಮಂಗೆ ನೀವೇ ತಿಳಿಸಿ' ಅಂದಳು. ಆದರೆ ಪೂರ್ತಿ ನಂಬಿಲ್ಲ. ತನ್ನನ್ನು ಸಮಾಧಾನ ಮಾಡಲು ದೊಡ್ಡಮ್ಮ ಕಟ್ಟಿ ಹೇಳುತ್ತಿದ್ದಾಳೆ ಅಂತ ಅವಳಿಗೊಂದು ಅನುಮಾನ ಉಳಿದಿದೆ.

ಈ ಕಾಗದವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ಓದುವಾಗ ಅವಳು ಹೊರಗೆ ಕೂತಿರುತ್ತಾಳೆ. ನನ್ನ ವಿಷಯ ಆಮೇಲೆ ನೋಡುವೆಯಂತೆ, ನೀನು ಏನು ಮಾಡಿದರೂ ಸರಿಯೇ. ಮೊದಲು ಅವಳನ್ನು ಒಳಗೆ ಕರೆದು, ತೋರಿಸಿಕೊಟ್ಟದ್ದು ಅವಳಲ್ಲ ಅಂತ ನಿನ್ನ ಬಾಯಿಂದಲೇ ಹೇಳು. ನೀನು ಹೇಳಿದರೆ ನಂಬುತ್ತಾಳೆ.